ಸರ್ವರ್ ಲಿನಕ್ಸ್‌ಗೆ ಚಂದಾ ಕಟ್ಟಿದವರಿಗೆ ನಿಜವಾಗಿ ಸಿಕ್ಕಿದ್ದೇನು?

ಮೂರನೆಯರ‍್ಯಾಕ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ನೋಡಿಕೊಳ್ಳುತ್ತಿರುವ ಸರ್ವರ್‌ಗಳು, ಭೌತಿಕ ಮತ್ತು ವರ್ಚುವಲ್ ಎರಡೂ ಸೇರಿ, ಸುಮಾರು ಅರವತ್ತು. ಬಹುಕಾಲ ಇವೆಲ್ಲವೂ, ರೆಡ್ ಹ್ಯಾಟ್ ಲಿನಕ್ಸ್‌ನ ಮೂಲದಿಂದಲೇ ಕಟ್ಟಿದ ಉಚಿತ ವಿತರಣೆಯಾದ (ಡಿಸ್ಟ್ರಿಬ್ಯೂಷನ್) ಸೆಂಟ್‌ಒಎಸ್ 7ರ ಮೇಲೆಯೇ ಓಡುತ್ತಿದ್ದವು. ಸೆಂಟ್‌ಒಎಸ್ 8ರ ಆಯುಷ್ಯ 2029ರವರೆಗೆ ಇರುವುದಿಲ್ಲ, 2021ರ ಕೊನೆಗೇ ಮುಗಿಯುತ್ತದೆ ಎಂಬ ಪ್ರಕಟಣೆ 2020ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ನಾವಿನ್ನೂ 7ರಲ್ಲೇ ಇದ್ದುದರಿಂದ ಆ ಪೆಟ್ಟು ನಮಗೆ ನೇರವಾಗಿ ಬೀಳಲಿಲ್ಲ. ಆದರೆ 2024ರ ಜೂನ್ 30ಕ್ಕೆ 7ರ ಅವಧಿಯೂ ಮುಗಿದಾಗ ಬೇರೆ ದಾರಿ ಉಳಿಯಲಿಲ್ಲ. ಹೆಚ್ಚಿನ ಯಂತ್ರಗಳನ್ನು ಅದೇ ಬಗೆಯ ಇನ್ನೊಂದು ಉಚಿತ ವಿತರಣೆಯಾದ ಆಲ್ಮಾಲಿನಕ್ಸ್ 9ರ ಮೇಲೆ ಹೊಸದಾಗಿ ಕಟ್ಟಿಕೊಂಡೆವು. ಹನ್ನೊಂದು ಯಂತ್ರಗಳು ಮಾತ್ರ, ಅವುಗಳ ಮೇಲಿರುವ ಹಳೆಯ ಅನ್ವಯಗಳ (ಅಪ್ಲಿಕೇಶನ್‌ಗಳ) ಕಾರಣದಿಂದ, ಇಂದಿಗೂ 7ರಲ್ಲೇ ಉಳಿದಿವೆ.

ಈಗ ಮೇಲಿನವರು ಒಂದು ಪ್ರಶ್ನೆ ಕೇಳಿದ್ದಾರೆ: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಅಥವಾ ಅದಕ್ಕೆ ಸಮಾನವಾದ ಬೇರೊಂದು ವಾಣಿಜ್ಯ ಬೆಂಬಲದ ವ್ಯವಸ್ಥೆಗೆ ಚಂದಾ ಕಟ್ಟಬೇಕೇ, ಕಟ್ಟಿದರೆ ಅದರಿಂದ ಏನು ಲಾಭ ಎಂದು ಬರೆದು ಕೊಡಿ. ನಾನು ಉತ್ತರ ಬರೆಯಲು ಕುಳಿತಾಗ ನನಗೇ ಸ್ಪಷ್ಟವಿಲ್ಲವೆಂಬುದು ತಿಳಿಯಿತು. ತಂತ್ರಾಂಶ ಮುಕ್ತವಾದದ್ದು, ಅದೇ ಮೂಲದಿಂದ ಕಟ್ಟಿದ ಉಚಿತ ವಿತರಣೆ ನನ್ನ ಬಳಿಯೇ ಚೆನ್ನಾಗಿ ಓಡುತ್ತಿದೆ. ಹಾಗಾದರೆ ಹಣ ಕೊಟ್ಟು ಕೊಳ್ಳುವುದು ಒಂದು ದೂರವಾಣಿ ಸಂಖ್ಯೆಯನ್ನಷ್ಟೇ ಅಲ್ಲವೇ ಎಂಬ ಅನುಮಾನ ಬಿಡುತ್ತಿಲ್ಲ. ವರ್ಷಗಟ್ಟಲೆ ಚಂದಾ ಕಟ್ಟಿ, ಬೆಂಬಲವನ್ನು ನಿಜವಾಗಿಯೂ ಬಳಸಿಕೊಂಡವರು ತಮ್ಮ ಅನುಭವವನ್ನು ಹೇಳಬೇಕೆಂದು ಕೋರುತ್ತೇನೆ. ಪೂರೈಕೆದಾರರ ಜಾಹೀರಾತು ಹಾಳೆಗಳನ್ನು ನಾನು ಓದಿದ್ದೇನೆ, ಅವುಗಳ ಸಾರಾಂಶ ಬೇಡ.

ಹಳೆಯಕರ್ನಲ್

ದೂರವಾಣಿ ಸಂಖ್ಯೆಯ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹದಿನೈದು ವರ್ಷಗಳಿಂದ ಇಂತಹ ಸರ್ವರ್‌ಗಳನ್ನು ನೋಡಿಕೊಂಡು ಬಂದವನಾಗಿ ಹೇಳುವುದಾದರೆ, ನೀವು ಕೊಳ್ಳುವುದು ಮುಖ್ಯವಾಗಿ ಬದಲಾಗದೆ ಇರುವ ಭರವಸೆಯನ್ನು.

ವ್ಯವಸ್ಥೆಯ ತಿರುಳಾದ ಕರ್ನಲ್ ರೆಡ್ ಹ್ಯಾಟ್ 7ರಲ್ಲಿ 3.10, 8ರದ್ದು 4.18, 9ರದ್ದು 5.14. ಹತ್ತು ವರ್ಷ ಕಳೆದರೂ ಈ ಅಂಕಿ ಬದಲಾಗುವುದಿಲ್ಲ. ಮೂಲ ಯೋಜನೆಯವರು ಹೊಸ ಆವೃತ್ತಿಗಾಗಿ ಬರೆದ ಭದ್ರತಾ ತಿದ್ದುಪಡಿಯನ್ನು ಬಿಡಿಸಿ ತೆಗೆದು, ಹಳೆಯ ಆವೃತ್ತಿಗೆ ಹೊಂದುವಂತೆ ಮತ್ತೆ ಬರೆದು, ಪರೀಕ್ಷಿಸಿ, ಪ್ಯಾಕೇಜ್ ಮಾಡುವ ಬ್ಯಾಕ್‌ಪೋರ್ಟ್ ಎಂಬ ಕೆಲಸ ನಡೆಯುವುದರಿಂದಲೇ ಅದು ಸಾಧ್ಯ. ಇದು ಬೇಸರ ಹುಟ್ಟಿಸುವ, ಯಾರೂ ಹವ್ಯಾಸಕ್ಕಾಗಿ ಮಾಡಲು ಮುಂದೆ ಬಾರದ ಕೆಲಸ. ಚಂದಾ ಹಣದ ದೊಡ್ಡ ಪಾಲು ಇದಕ್ಕೆ ಹೋಗುತ್ತದೆ ಎಂದೇ ನಾನು ತಿಳಿದಿದ್ದೇನೆ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಇದರ ಸ್ವರೂಪ ನನಗೆ ಸರಿಯಾಗಿ ಅರ್ಥವಾಯಿತು. ಗೂಢಲಿಪಿಯ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ ದೋಷವಿದೆ, 1.0.1ಜಿಗೆ ಏರಿಸಿಕೊಳ್ಳಿ ಎಂದು ಎಲ್ಲೆಡೆ ಸೂಚನೆಯಿತ್ತು. ನಮ್ಮ ರೆಡ್ ಹ್ಯಾಟ್ 6.5 ಯಂತ್ರಗಳಲ್ಲಿ ಇದ್ದದ್ದು 1.0.1ಇ; ತಿದ್ದುಪಡಿ ಬಂದ ಮೇಲೆಯೂ ಇದ್ದದ್ದು 1.0.1ಇ ಎಂದೇ, ಬದಲಾದದ್ದು ಅದರ ಹಿಂದಿನ ಬಿಡುಗಡೆ ಸಂಖ್ಯೆ ಮಾತ್ರ. ಅದೇ ಹೊತ್ತಿನಲ್ಲಿ ರೆಡ್ ಹ್ಯಾಟ್ 5ರ ಯಂತ್ರಗಳು 0.9.8ರಲ್ಲಿಯೇ ಇದ್ದುದರಿಂದ ಅವುಗಳಿಗೆ ಆ ದೋಷದ ಸೋಂಕೇ ಇರಲಿಲ್ಲ. ಆವೃತ್ತಿಯ ಅಂಕಿಯನ್ನಷ್ಟೇ ನೋಡುವ ಭದ್ರತಾ ಸ್ಕ್ಯಾನರ್ ಆಗ ನಮ್ಮ ತಿದ್ದಿದ ಯಂತ್ರಗಳನ್ನೆಲ್ಲ ಕೆಂಪು ಬಣ್ಣದಲ್ಲಿ ತೋರಿಸಿತು, ಲೆಕ್ಕ ಪರಿಶೋಧಕರು ಅದನ್ನೇ ಹಿಡಿದುಕೊಂಡು ಕುಳಿತರು. ಪ್ಯಾಕೇಜಿನ ಬದಲಾವಣೆ ದಾಖಲೆಯಲ್ಲಿ ಆ ದೋಷದ ಸಂಖ್ಯೆ ನಮೂದಾಗಿರುವುದನ್ನು ಒಂದೊಂದಾಗಿ ತೋರಿಸಿ ಅವರನ್ನು ಒಪ್ಪಿಸಬೇಕಾಯಿತು. ನೀವು ಆಲ್ಮಾ ಬಳಸುತ್ತಿರುವುದರಿಂದ ಈ ತಲೆನೋವು ನಿಮಗೂ ಪರಿಚಿತವಾಗಿರಬೇಕು.

2024ರ ಮಾರ್ಚ್ ಕೊನೆಯಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗೆ ಯಾರೋ ಬೇಕೆಂದೇ ಸೇರಿಸಿದ್ದು ಬಯಲಾದ ಹಿಂಬಾಗಿಲನ್ನು (ಕಳ್ಳದಾರಿಯನ್ನು) ನೆನೆಸಿಕೊಂಡರೆ ಹಳತಿನ ಬೆಲೆ ಇನ್ನಷ್ಟು ತಿಳಿಯುತ್ತದೆ. ಅದು ಸೇರಿಕೊಂಡದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ; ಡೆಬಿಯನ್‌ನ ಅಸ್ಥಿರ ಶಾಖೆ, ಓಪನ್‌ಸುಸೆ ಟಂಬಲ್‌ವೀಡ್, ಫೆಡೋರಾದ ಪರೀಕ್ಷಾ ಆವೃತ್ತಿಗಳಂತಹ ಹೊಸತನ್ನು ಬೇಗ ಒಳಗೆ ಬಿಟ್ಟುಕೊಳ್ಳುವ ವಿತರಣೆಗಳಿಗೆ ಅದು ತಲುಪಿತ್ತು. ದೀರ್ಘಾವಧಿ ಸರ್ವರ್ ವ್ಯವಸ್ಥೆಗಳ ಹೊಸ್ತಿಲನ್ನು ಅದು ದಾಟುವ ಮೊದಲೇ ಸಿಕ್ಕಿಬಿದ್ದಿತು.

ರಾತ್ರಿಪಾಳಿ

ಹಳೆಯಕರ್ನಲ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅದರಲ್ಲಿ ಒಂದು ತೊಡಕಿದೆ. ಅವರು ಹೇಳಿದ ಲಾಭವೆಲ್ಲವೂ ಹಣ ಕೊಡದೆ ಆಲ್ಮಾ ಅಥವಾ ಅದರಂತಹುದೇ ಉಚಿತ ವಿತರಣೆಯಾದ ರಾಕಿ ಬಳಸುವವರಿಗೂ ಬಹುಮಟ್ಟಿಗೆ ಸಿಗುತ್ತಿದೆ. 2024ರ ಜುಲೈ 1ರಂದು, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ‘ರಿಗ್ರೆಷನ್’ ದೋಷ ಪ್ರಕಟವಾದಾಗ, ಅದರ 8.0 ಆವೃತ್ತಿಯಿದ್ದ ರೆಡ್ ಹ್ಯಾಟ್ 8 ಪಾರಾಗಿ, 8.7 ಆವೃತ್ತಿಯಿದ್ದ ರೆಡ್ ಹ್ಯಾಟ್ 9 ಸಿಕ್ಕಿಬಿದ್ದಿತು. ಆಲ್ಮಾಲಿನಕ್ಸ್ ತಂಡವು ಮೂಲ ವಿತರಣೆಯ ಪ್ಯಾಚ್‌ಗೆ ಕಾಯದೆ ತನ್ನದೇ ಪ್ಯಾಚನ್ನು ಅದಕ್ಕಿಂತ ಮೊದಲೇ ಹೊರತಂದಿತು. ಅದಕ್ಕೆ ಹಾಗೆ ಮಾಡಲು ಸಾಧ್ಯವಾದದ್ದು, 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮೂಲ ಸಂಕೇತವನ್ನು ಸಾರ್ವಜನಿಕವಾಗಿ ಸೆಂಟ್‌ಒಎಸ್ ಸ್ಟ್ರೀಮ್ (ರೆಡ್ ಹ್ಯಾಟ್‌ನ ಮುಂದಿನ ಆವೃತ್ತಿ ರೂಪುಗೊಳ್ಳುವ ವಿತರಣೆ) ಮೂಲಕ ಮಾತ್ರ ಕೊಡುವುದಾಗಿ ಹೇಳಿದ ಮೇಲೆ, ಆಲ್ಮಾ ತಂಡವು ‘ಪ್ರತಿಯೊಂದು ದೋಷವೂ ಒಂದೇ ಆಗಿರುತ್ತದೆ’ ಎಂಬ ಹಳೆಯ ಗುರಿಯನ್ನು ಬಿಟ್ಟು, ಅನ್ವಯಗಳ ಮಟ್ಟದ ಹೊಂದಾಣಿಕೆಯನ್ನಷ್ಟೇ ಕಾಯ್ದುಕೊಳ್ಳಲು ನಿರ್ಧರಿಸಿದ್ದರಿಂದ. ನಕಲು ಮಾಡುವ ಹಂಗು ಕಳಚಿದ್ದೇ ವೇಗಕ್ಕೆ ದಾರಿಯಾಯಿತು. ಅಷ್ಟೇ ಸತ್ಯವಾದ ಇನ್ನೊಂದು ಮಾತೆಂದರೆ, ಅಂದಿನಿಂದ ನಿಮ್ಮ ಆಲ್ಮಾ ಮತ್ತು ರೆಡ್ ಹ್ಯಾಟ್ ಅಕ್ಷರಶಃ ಒಂದೇ ಅಲ್ಲ.

ಇನ್ನು ಬೆಂಬಲದ ಅನುಭವ. ಯಾವ ಪೂರೈಕೆದಾರರೆಂದು ಹೇಳುವುದಿಲ್ಲ, ಏಕೆಂದರೆ ಎಲ್ಲ ಕಡೆಯೂ ಕಥೆ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆಂದು ನನ್ನ ಊಹೆ. ಬೆಂಬಲ ಕೋರಿ ಸಲ್ಲಿಸುವ ಟಿಕೆಟ್‌ಗಳಿಗೆ (ದೂರುಗಳಿಗೆ) ನಾಲ್ಕು ತೀವ್ರತೆಗಳಿರುತ್ತವೆ. ಎಲ್ಲವೂ ನಿಂತುಹೋಗಿರುವ ಒಂದನೆಯ ತೀವ್ರತೆಗೆ, ದುಬಾರಿ ಚಂದಾ ಇದ್ದರೆ ಹಗಲು ರಾತ್ರಿಯೆನ್ನದೆ ಒಂದು ಗಂಟೆಯೊಳಗೆ ಪ್ರತಿಕ್ರಿಯೆ ಬರುತ್ತದೆ. ಪ್ರತಿಕ್ರಿಯೆ ಎಂಬ ಪದವನ್ನು ಗಮನಿಸಿ, ಪರಿಹಾರ ಎಂದು ಒಪ್ಪಂದದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಒಂದು ಕರ್ನಲ್ ಪರಿಷ್ಕರಣೆಯ ನಂತರ ನಮ್ಮ ಎನ್‌ಎಫ್‌ಎಸ್ ಮೌಂಟ್‌ಗಳು (ಜಾಲದ ಮೂಲಕ ಜೋಡಿಸಿದ ಕಡತ ಭಾಗಗಳು) ದಿನಕ್ಕೊಮ್ಮೆ ಕಟ್ಟಿಕೊಂಡು ನಿಲ್ಲತೊಡಗಿದವು. ಮೊದಲ ಎರಡು ದಿನ ಬೇರೆ ಬೇರೆ ಪಾಳಿಯ ಮೂವರು ಬಂದು ಯಂತ್ರದ ಸ್ಥಿತಿಯನ್ನೆಲ್ಲ ಒಟ್ಟುಗೂಡಿಸುವ ಅದೇ ಎಸ್‌ಒಎಸ್ ವರದಿಯನ್ನೇ ಮತ್ತೆ ಮತ್ತೆ ಕೇಳಿದರು. ಮೂರನೆಯ ದಿನ, ಟಿಕೆಟನ್ನು ಮೇಲಕ್ಕೆ ಕಳಿಸಲೇಬೇಕೆಂದು ನಾವು ಹಟ ಹಿಡಿದ ಮೇಲೆ, ಆ ಕಡತ ವ್ಯವಸ್ಥೆಯ ಸಂಕೇತವನ್ನು ನಿತ್ಯ ಮುಟ್ಟುವ ಎಂಜಿನಿಯರ್ ಒಬ್ಬರ ಕೈಗೆ ಅದು ಸೇರಿತು. ಅವರು ನಾಲ್ಕು ತಾಸಿನಲ್ಲಿ ಕಾರಣವನ್ನು ಗುರುತಿಸಿ, ನಮಗಾಗಿಯೇ ಕಟ್ಟಿದ ಪರೀಕ್ಷಾ ಕರ್ನಲ್ ಕಳಿಸಿದರು. ಮುಂದಿನ ಪರಿಷ್ಕರಣೆಯಲ್ಲಿ ಅದೇ ತಿದ್ದುಪಡಿ ಎಲ್ಲರಿಗೂ ಬಂದಿತು. ನನ್ನ ಮಟ್ಟಿಗೆ, ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಆ ನಾಲ್ಕು ತಾಸಿನಲ್ಲಿ. ಅದಕ್ಕೆ ಮೊದಲಿನ ಎರಡು ದಿನ ನಾನು ಕೊಟ್ಟ ಸುಂಕ.

ಇನ್ನೊಂದು ಸಂಗತಿಯಲ್ಲಿ ತಪ್ಪು ಪೂರ್ತಿ ನನ್ನದೇ. ಒಂದು ಡೇಟಾಬೇಸ್ ಸರ್ವರ್ ಕರ್ನಲ್ ಪ್ಯಾನಿಕ್ ಆಗಿ (ಕರ್ನಲ್ ಕುಸಿದುಬಿದ್ದು) ತಾನಾಗಿಯೇ ರೀಬೂಟ್ ಆಯಿತು, ವಾರದಲ್ಲಿ ಎರಡು ಬಾರಿ. ಬೆಂಬಲದವರು ಕೇಳಿದ ಮೊದಲ ಪ್ರಶ್ನೆಯೇ ವಿಎಂಕೋರ್, ಅಂದರೆ ಕುಸಿದ ಕ್ಷಣದ ಮೆಮೊರಿಯ ಪ್ರತಿ, ಎಲ್ಲಿ ಎಂಬುದು. ಕೆಡಂಪ್ ಸೇವೆಗಾಗಿ ಬೂಟ್ ಸಾಲಿನಲ್ಲಿ ಮೆಮೊರಿಯನ್ನು ಕಾದಿರಿಸಿದ್ದರೆ, ಪ್ಯಾನಿಕ್ ಆದ ಕ್ಷಣದಲ್ಲಿ ಎರಡನೆಯ ಪುಟ್ಟ ಕರ್ನಲ್ ಎದ್ದು, ಸತ್ತ ಕರ್ನಲ್‌ನ ಮೆಮೊರಿಯನ್ನು ಡಿಸ್ಕಿಗೆ ಇಳಿಸಿ ಹೋಗುತ್ತದೆ. ಆ ಮೆಮೊರಿಯನ್ನು ಉಳಿಸುವ ಆಸೆಯಿಂದ ಯಂತ್ರ ಕಟ್ಟುವಾಗ ನಾನೇ ಅದನ್ನು ತೆಗೆದುಹಾಕಿದ್ದೆ. ಸಾಕ್ಷಿಯಿಲ್ಲದ ಕೊಲೆಗೆ ಯಾವ ಎಂಜಿನಿಯರ್ ತಾನೇ ತೀರ್ಪು ಕೊಟ್ಟಾನು? ಮೂರನೆಯ ಪ್ಯಾನಿಕ್‌ಗಾಗಿ ಕಾಯಬೇಕಾಯಿತು. ಅದರ ವಿಎಂಕೋರ್ ನೋಡಿದ ಮೇಲೆ, ಹೊರಗಿನ ಸಂಗ್ರಹ ಸಾಧನದ ಜೊತೆ ಬಂದಿದ್ದ ಮೂರನೆಯವರ ಕರ್ನಲ್ ಮಾಡ್ಯೂಲ್ ಸಿಕ್ಕಿಬಿದ್ದಿತು. ಅದನ್ನು ತೆಗೆಯದ ಹೊರತು ತಾವು ಮುಂದುವರಿಯುವುದಿಲ್ಲ ಎಂದು ವ್ಯವಸ್ಥೆಯ ಪೂರೈಕೆದಾರರು, ನಿಮ್ಮ ಕರ್ನಲ್ ಬದಲಾದದ್ದೇ ಕಾರಣ ಎಂದು ಸಾಧನದ ಪೂರೈಕೆದಾರರು. ಇಬ್ಬರಿಗೂ ಹಣ ಕೊಡುತ್ತಿದ್ದ ನಾವು ನಡುವೆ ನಿಂತಿದ್ದೆವು.

ಗೋಸುಂಬೆ

ಚರ್ಚೆ ರೆಡ್ ಹ್ಯಾಟ್ ಕುಟುಂಬದಲ್ಲಿಯೇ ಸುತ್ತುತ್ತಿರುವುದರಿಂದ ಪಕ್ಕದ ಮನೆಯ ಮಾತನ್ನೂ ಸೇರಿಸುತ್ತೇನೆ. ನಾವು ಸುಸೆ ಎಂಟರ್‌ಪ್ರೈಸ್ ಸರ್ವರ್ ಬಳಸುತ್ತೇವೆ. 2014ರ 12ನೆಯ ಆವೃತ್ತಿಯಿಂದ ಇದರ ಮೂಲ ವಿಭಾಗ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿರುತ್ತದೆ, ಪ್ಯಾಕೇಜ್ ಬದಲಾಯಿಸುವ ಮುನ್ನ ಮತ್ತು ನಂತರ ಸ್ನ್ಯಾಪರ್ ಎಂಬ ಉಪಕರಣ ತಾನಾಗಿಯೇ ಒಂದೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡುತ್ತದೆ. ಪರಿಷ್ಕರಣೆ ಕೆಟ್ಟರೆ ಬೂಟ್ ಪಟ್ಟಿಯಲ್ಲಿ ಹಿಂದಿನ ಸ್ನ್ಯಾಪ್‌ಶಾಟ್ ಆರಿಸಿ ಎಬ್ಬಿಸಬಹುದು. ಬೆಂಬಲದವರಿಗೆ ಕರೆ ಮಾಡುವ ಪ್ರಸಂಗವನ್ನೇ ಇದು ನನಗೆ ಎಷ್ಟೋ ಬಾರಿ ತಪ್ಪಿಸಿದೆ. ಒಂದು ಎಚ್ಚರಿಕೆ: ಹಿಂದಕ್ಕೆ ಹೋಗುವುದು ವ್ಯವಸ್ಥೆಯ ಕಡತಗಳು ಮಾತ್ರ, ಡೇಟಾಬೇಸ್ ಮುಂತಾದವು ಇರುವ ಭಾಗಗಳು ಬೇರೆ ಉಪಸಂಪುಟಗಳಲ್ಲಿದ್ದು ಇದ್ದಂತೆಯೇ ಉಳಿಯುತ್ತವೆ. ಹೊಸ ಡೇಟಾಬೇಸ್ ಎಂಜಿನ್ ತನ್ನ ದತ್ತಾಂಶದ ರೂಪವನ್ನು ಈಗಾಗಲೇ ಬದಲಿಸಿದ್ದರೆ, ಹಿಂದೆ ಸರಿದ ಹಳೆಯ ಎಂಜಿನ್ ಅದನ್ನು ಓದಲಾರದು. ಮೂಲ ವಿಭಾಗವನ್ನು ಚಿಕ್ಕದಾಗಿ ಮಾಡಿಕೊಂಡವರ ಡಿಸ್ಕ್ ಸ್ನ್ಯಾಪ್‌ಶಾಟ್‌ಗಳಿಂದಲೇ ತುಂಬಿಹೋಗುವುದೂ ಉಂಟು.

ಉಬುಂಟುವಿನ ಬಗ್ಗೆಯೂ ಒಂದು ಮಾತು. ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಉಚಿತ ಪರಿಷ್ಕರಣೆ ಸಿಗುತ್ತದೆ ಎಂದು ನಂಬಿ ಕುಳಿತವರು, ಆ ಭರವಸೆ ಮುಖ್ಯ ಭಂಡಾರದ ಪ್ಯಾಕೇಜ್‌ಗಳಿಗೆ ಮಾತ್ರ ಎಂಬುದನ್ನು ಗಮನಿಸಿರುವುದಿಲ್ಲ. ಸಮುದಾಯ ನೋಡಿಕೊಳ್ಳುವ ‘ಯೂನಿವರ್ಸ್’ ಭಂಡಾರದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಅವಕ್ಕೆ ಭದ್ರತಾ ತಿದ್ದುಪಡಿಯ ಹೊಣೆ ಹೊರುವುದು ಹತ್ತು ವರ್ಷಗಳ ‘ಪ್ರೊ’ ಚಂದಾದಲ್ಲಿ. ವೈಯಕ್ತಿಕ ಬಳಕೆಯ ಐದು ಯಂತ್ರಗಳವರೆಗೆ ಅದು ಉಚಿತವಾದ್ದರಿಂದ, ಕೊಳ್ಳುವ ಮೊದಲು ಮನೆಯಲ್ಲಿ ಹಾಕಿ ನೋಡಬಹುದು.

ಮೂರನೆಯರ‍್ಯಾಕ್

ಮೂವರಿಗೂ ಧನ್ಯವಾದಗಳು. ರಾತ್ರಿಪಾಳಿಯವರ ಉತ್ತರ ಓದಿದ ಮೇಲೆ ನನ್ನ ಮನಸ್ಸಿಗೆ ಬಂದದ್ದು ಇದು: ಡೇಟಾಬೇಸ್ ಮತ್ತು ದೃಢೀಕರಣದ ಎಂಟು ಸರ್ವರ್‌ಗಳಿಗೆ ಮಾತ್ರ ಚಂದಾ ಕಟ್ಟಿ, ಆಲ್ಮಾದಲ್ಲಿರುವ ಉಳಿದವನ್ನು ಅಲ್ಲಿಯೇ ಉಳಿಸಿಕೊಂಡರೆ ಹೇಗೆ? ಉಳಿದವುಗಳಲ್ಲಿ ಸಮಸ್ಯೆ ಬಂದರೆ ಚಂದಾ ಇರುವ ಯಂತ್ರದ ಹೆಸರಿನಲ್ಲಿ ಟಿಕೆಟ್ ತೆರೆಯಬಹುದು ಎಂದು ನಮ್ಮಲ್ಲೊಬ್ಬರು ಸೂಚಿಸಿದ್ದಾರೆ. ನನಗೆ ಅದು ಸರಿಕಾಣಲಿಲ್ಲ, ಆದರೆ ನಿಯಮ ಏನೆಂದು ತಿಳಿದವರು ಹೇಳಿದರೆ ಅವರಿಗೂ ತೋರಿಸಬಹುದು. ಹಳೆಯ ಹನ್ನೊಂದು ಯಂತ್ರಗಳ ಬಗ್ಗೆಯೂ ಸಲಹೆ ಬೇಕು.

ಲೆಕ್ಕದಪುಸ್ತಕ

ಚಂದಾಗಳ ಲೆಕ್ಕ ಇಡುವುದೇ ನನ್ನ ಕೆಲಸವಾದ್ದರಿಂದ ಮೊದಲ ಭಾಗಕ್ಕೆ ಉತ್ತರಿಸುತ್ತೇನೆ.

ರೆಡ್ ಹ್ಯಾಟ್‌ನ ಒಂದು ಸಾಮಾನ್ಯ ಸರ್ವರ್ ಚಂದಾ, ಎರಡು ಸಾಕೆಟ್‌ವರೆಗಿನ (ಪ್ರೊಸೆಸರ್ ಕೂರುವ ಜಾಗ) ಒಂದು ಭೌತಿಕ ಯಂತ್ರಕ್ಕೆ ಅಥವಾ ಎರಡು ವರ್ಚುವಲ್ ಯಂತ್ರಗಳಿಗೆ ಸಲ್ಲುತ್ತದೆ. ಒಂದೇ ಆತಿಥೇಯ ಯಂತ್ರದ ಮೇಲೆ ಹತ್ತಾರು ವರ್ಚುವಲ್ ಯಂತ್ರಗಳಿದ್ದರೆ, ಅತಿಥಿಗಳ ಸಂಖ್ಯೆಗೆ ಮಿತಿಯಿಲ್ಲದ, ಆತಿಥೇಯದ ಸಾಕೆಟ್ ಲೆಕ್ಕದ ಇನ್ನೊಂದು ಬಗೆಯ ಚಂದಾ ಅಗ್ಗವಾಗಬಹುದು. ಆದರೆ ವರ್ಚುವಲ್ ಯಂತ್ರಗಳು ಒಂದು ಆತಿಥೇಯದಿಂದ ಇನ್ನೊಂದಕ್ಕೆ ತಾವಾಗಿಯೇ ಸರಿದಾಡುವ ಏರ್ಪಾಡು ನಿಮ್ಮಲ್ಲಿದ್ದರೆ, ಅವು ಹೋಗಬಹುದಾದ ಎಲ್ಲ ಆತಿಥೇಯಗಳನ್ನೂ ಎಣಿಸಬೇಕಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಚಂದಾ ಇರುವ ವ್ಯವಸ್ಥೆಯ ಜೊತೆಗೆ ಆಲ್ಮಾ ಓಡಿಸುವುದಕ್ಕೆ ಅಡ್ಡಿಯಿಲ್ಲ, ಅದು ಬೇರೆಯೇ ವಿತರಣೆ. ಅಡ್ಡಿ ಇರುವುದು, ರೆಡ್ ಹ್ಯಾಟ್ ವ್ಯವಸ್ಥೆಯನ್ನೇ ಕೆಲವು ಕಡೆ ಚಂದಾ ಕಟ್ಟಿಯೂ ಕೆಲವು ಕಡೆ ಕಟ್ಟದೆಯೂ ಓಡಿಸುವುದಕ್ಕೆ. ಒಪ್ಪಂದದ ಪ್ರಕಾರ ಸಂಸ್ಥೆಯೊಳಗೆ ಓಡುವ ಅದರ ಪ್ರತಿಯೊಂದು ಪ್ರತಿಯೂ ಎಣಿಕೆಗೆ ಬರುತ್ತದೆ. ಆಲ್ಮಾದಲ್ಲಿ ಕಂಡ ದೋಷಕ್ಕೆ ಬೇರೆ ಯಂತ್ರದ ಹೆಸರಿನಲ್ಲಿ ಟಿಕೆಟ್ ತೆರೆಯುವುದು ಒಪ್ಪಂದದ ಉಲ್ಲಂಘನೆ; ಅದಕ್ಕಿಂತ ಹೆಚ್ಚಾಗಿ ಅದು ಪ್ರಯೋಜನಕ್ಕೂ ಬಾರದು, ಏಕೆಂದರೆ ಅವರು ಕೇಳುವ ಎಸ್‌ಒಎಸ್ ವರದಿಯ ಮೊದಲ ಪುಟದಲ್ಲಿಯೇ ವಿತರಣೆಯ ಹೆಸರು ಕಾಣುತ್ತದೆ. ಪ್ರಾಮಾಣಿಕವಾದ ದಾರಿಯೊಂದಿದೆ: ಅದೇ ದೋಷವನ್ನು ಚಂದಾ ಇರುವ ಯಂತ್ರದ ಮೇಲೆ ನಿಜವಾಗಿಯೂ ಮರುಸೃಷ್ಟಿಸಿ ತೋರಿಸುವುದು. ಆಗ ಅದು ಅವರ ದೋಷವೇ ಆಗುತ್ತದೆ.

ಹದಿನಾರು ಯಂತ್ರಗಳವರೆಗೆ ಉಚಿತ ಎಂದು 2021ರಲ್ಲಿ ಪ್ರಕಟವಾದ ಅಭಿವರ್ಧಕರ ಚಂದಾವನ್ನು ನೋಡಿ ಆಸೆಪಡಬೇಡಿ. ಅದು ವ್ಯಕ್ತಿಗಳಿಗೆ ಕೊಟ್ಟದ್ದು, ಸಂಸ್ಥೆಯ ಸರ್ವರ್‌ಗಳನ್ನು ಸಿಬ್ಬಂದಿಯ ಹೆಸರಿನಲ್ಲಿ ಹಂಚಿ ಓಡಿಸುವುದಕ್ಕಲ್ಲ.

ನಿಮ್ಮ ಎಂಟು ಸರ್ವರ್‌ಗಳ ಪಟ್ಟಿಗೆ ಒಂದು ಪರೀಕ್ಷಾ ಯಂತ್ರವನ್ನೂ ಸೇರಿಸಿ, ಒಂಬತ್ತಕ್ಕೆ ಲೆಕ್ಕ ಹಾಕಿ. ಮರುಸೃಷ್ಟಿಸಲು ಜಾಗವಿಲ್ಲದಿದ್ದರೆ ಬೆಂಬಲವಿದ್ದೂ ಕೈ ಕಟ್ಟಿದಂತೆ. ಅವುಗಳ ಮೇಲಿನ ಡೇಟಾಬೇಸ್ ವಾಣಿಜ್ಯ ತಂತ್ರಾಂಶವಾಗಿದ್ದರೆ, ಅದರ ಪೂರೈಕೆದಾರರು ಮಾನ್ಯ ಮಾಡಿರುವ ಕಾರ್ಯಾಚರಣ ವ್ಯವಸ್ಥೆಗಳ ಪಟ್ಟಿಯನ್ನು ಈ ಚರ್ಚೆಗಿಂತ ಮೊದಲು ತೆರೆದು ನೋಡಬೇಕಿತ್ತು. ಎಷ್ಟೋ ಕಡೆ ತೀರ್ಮಾನ ಅಲ್ಲಿಯೇ ಆಗಿಹೋಗಿರುತ್ತದೆ.

ಹಳೆಯಕರ್ನಲ್

ಹನ್ನೊಂದು ಯಂತ್ರಗಳ ವಿಷಯ. ಮೂರು ದಾರಿಗಳಿವೆ, ಮೂರೂ ಅಷ್ಟಕ್ಕಷ್ಟೇ.

ಕನ್ವರ್ಟ್‌ಟುರೆಲ್ ಎಂಬ ಉಪಕರಣದಿಂದ ಸೆಂಟ್‌ಒಎಸ್ 7 ಅನ್ನು ಇದ್ದಲ್ಲಿಯೇ ರೆಡ್ ಹ್ಯಾಟ್ 7 ಆಗಿ ಬದಲಿಸಿ, ಅದರ ಮೇಲೆ ಅವಧಿ ವಿಸ್ತರಣೆಯ ಪ್ರತ್ಯೇಕ ಚಂದಾ ಕೊಳ್ಳಬಹುದು. ಅನ್ವಯವನ್ನು ಮುಟ್ಟುವುದು ಅಸಾಧ್ಯವಾದಾಗ ಇದೊಂದೇ ಗತಿ, ಆದರೆ ಆ ವಿಸ್ತರಣೆಯಲ್ಲಿ ಬರುವುದು ಆಯ್ದ, ಗಂಭೀರ ದೋಷಗಳ ತಿದ್ದುಪಡಿ ಮಾತ್ರ. ಎರಡನೆಯದು ಇದ್ದಲ್ಲಿಯೇ ಮೇಲೇರುವುದು: ರೆಡ್ ಹ್ಯಾಟ್‌ಗೆ ಲೀಪ್ ಉಪಕರಣ, ಸೆಂಟ್‌ಒಎಸ್‌ನಿಂದ ಆಲ್ಮಾಗೆ ಅದರ ಮೇಲೆಯೇ ಕಟ್ಟಿದ ಎಲಿವೇಟ್. ಎರಡರಲ್ಲಿಯೂ 7ರಿಂದ 9ಕ್ಕೆ ನೇರ ಜಿಗಿತವಿಲ್ಲ, 8ರಲ್ಲಿ ಇಳಿದು ಹತ್ತಬೇಕು. ಮೊದಲು ಪೂರ್ವಪರಿಶೀಲನಾ ವರದಿಯನ್ನು ಓಡಿಸಿ, ಅದು ‘ತಡೆ’ ಎಂದು ಗುರುತಿಸಿದ ಪ್ರತಿಯೊಂದನ್ನೂ ನಿವಾರಿಸಿಕೊಳ್ಳಿ. 7ರಲ್ಲಿದ್ದ ಹಲವು ಹಳೆಯ ಡಿಸ್ಕ್ ನಿಯಂತ್ರಕಗಳ ಡ್ರೈವರ್‌ಗಳನ್ನು 8ರಲ್ಲಿ ತೆಗೆದುಹಾಕಲಾಗಿದೆ. ಅಂತಹ ಯಂತ್ರವೊಂದನ್ನು ವರದಿ ಓದದೆ ಏರಿಸಿದರೆ ರೀಬೂಟ್ ನಂತರ ತನ್ನ ಡಿಸ್ಕನ್ನೇ ಅದು ಗುರುತಿಸುವುದಿಲ್ಲ. ಹೊರಗಿನ ಭಂಡಾರಗಳಿಂದ ಹಾಕಿದ ಪ್ಯಾಕೇಜ್‌ಗಳನ್ನು ಈ ಉಪಕರಣಗಳು ಏರಿಸದೆ ಹಾಗೆಯೇ ಬಿಡುವುದರಿಂದ, ಅರ್ಧ 7, ಅರ್ಧ 8 ಆದ ಯಂತ್ರ ಕೈಗೆ ಬರುವುದೂ ಇದೆ.

ಮೂರನೆಯದು ಹೊಸದಾಗಿ ಕಟ್ಟುವುದು. ಸಮಯ ಹೆಚ್ಚು ಹಿಡಿದರೂ ನಾನು ಆರಿಸುವುದು ಇದನ್ನೇ. ಹಾಗೆ ಕಟ್ಟುವಾಗ ಪ್ರೊಸೆಸರ್ ನೋಡಿಕೊಳ್ಳಿ: 9ಕ್ಕೆ ಎಕ್ಸ್86-64ರ (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳು) ಎರಡನೆಯ ಹಂತದ ಸೂಚನೆಗಳು ಬೇಕು, 2025ರಲ್ಲಿ ಬಂದ 10ಕ್ಕೆ ಮೂರನೆಯ ಹಂತ. ಹಳೆಯ ಯಂತ್ರಗಳಿಗಾಗಿ ಆಲ್ಮಾ 10 ಎರಡನೆಯ ಹಂತದ ಪ್ರತ್ಯೇಕ ಕಟ್ಟಣೆಯನ್ನೂ ಕೊಡುತ್ತದೆ, ಚಂದಾ ಕಟ್ಟಿದ ರೆಡ್ ಹ್ಯಾಟ್ 10 ಕೊಡುವುದಿಲ್ಲ. ಹಣ ಕೊಟ್ಟವರಿಗೆ ಸಿಗದೆ ಕೊಡದವರಿಗೆ ಸಿಕ್ಕಿದ ಇನ್ನೊಂದು ಸೌಲಭ್ಯವೆಂದು ರಾತ್ರಿಪಾಳಿಯವರು ಇದನ್ನು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಮೂರನೆಯರ‍್ಯಾಕ್

ಡೇಟಾಬೇಸ್ ಪೂರೈಕೆದಾರರ ಪಟ್ಟಿಯನ್ನು ತೆರೆದು ನೋಡಿದೆ. ನಮ್ಮ ಆವೃತ್ತಿಗೆ ರೆಡ್ ಹ್ಯಾಟ್ 8, 9 ಮತ್ತು ಸುಸೆ 15 ಮಾನ್ಯ, ಆಲ್ಮಾದ ಹೆಸರು ಅದರಲ್ಲಿಲ್ಲ. ಹೀಗಾಗಿ ಎಂಟು ಸರ್ವರ್‌ಗಳು ಮತ್ತು ಒಂದು ಪರೀಕ್ಷಾ ಯಂತ್ರಕ್ಕೆ ಚಂದಾ ಕೋರಿ ಟಿಪ್ಪಣಿ ಬರೆದಿದ್ದೇನೆ. ಹಗಲು ರಾತ್ರಿಯ ಬೆಂಬಲವನ್ನು ಡೇಟಾಬೇಸ್‌ಗಳಿಗಷ್ಟೇ ಕೇಳಿ, ಉಳಿದವಕ್ಕೆ ಕೆಲಸದ ಸಮಯದ ಬೆಂಬಲ ಸಾಕೆಂದಿದ್ದೇನೆ. ಹಳೆಯ ಹನ್ನೊಂದರಲ್ಲಿ ಏಳನ್ನು ಆಲ್ಮಾ 9ರ ಮೇಲೆ ಹೊಸದಾಗಿ ಕಟ್ಟುತ್ತೇವೆ. ಎರಡನ್ನು ಬಳಸುವವರೇ ಯಾರೂ ಇಲ್ಲವೆಂದು ವಿಚಾರಿಸಿದಾಗ ತಿಳಿದು, ನಿನ್ನೆ ಅವನ್ನು ನಿಲ್ಲಿಸಿಬಿಟ್ಟೆವು. ಉಳಿದ ಎರಡಕ್ಕೆ ಅವಧಿ ವಿಸ್ತರಣೆಯ ಹೊರತು ಬೇರೆ ದಾರಿ ಕಾಣುತ್ತಿಲ್ಲ.

ರಾತ್ರಿಪಾಳಿಯವರ ಕಥೆ ಓದಿದ ಸಂಜೆಯೇ ಕೆಡಂಪ್ ಸ್ಥಿತಿಯನ್ನು ಎಲ್ಲ ಯಂತ್ರಗಳಲ್ಲಿ ಪರೀಕ್ಷಿಸಿದೆ. ಹತ್ತೊಂಬತ್ತರಲ್ಲಿ ಅದು ನಿಂತಿತ್ತು, ಅವುಗಳಲ್ಲಿ ಐದು ಈ ಎಂಟರೊಳಗಿನವೇ.

ರಾತ್ರಿಪಾಳಿ

ಓಡುತ್ತಿದೆ ಎಂದು ತೋರಿಸುವ ಉಳಿದವನ್ನೂ ನಂಬಬೇಡಿ. ಪರೀಕ್ಷಾ ಯಂತ್ರದಲ್ಲಿ ಬೇಕೆಂದೇ ಒಂದು ಪ್ಯಾನಿಕ್ ಉಂಟುಮಾಡಿ, ವಿಎಂಕೋರ್ ಪೂರ್ತಿಯಾಗಿ ಡಿಸ್ಕಿಗೆ ಇಳಿಯುತ್ತದೆಯೇ ಎಂದು ನೋಡಿ. ನಮ್ಮಲ್ಲಿ ಸೇವೆ ಓಡುತ್ತಿದ್ದ ನಾಲ್ಕು ಯಂತ್ರಗಳಲ್ಲಿ, ಕಡತ ಇಳಿಯಬೇಕಾದ ವಿಭಾಗದಲ್ಲಿ ಜಾಗವೇ ಇರಲಿಲ್ಲ.